ಕಾಣದ ಡಿಸ್ಕು, ಒಪ್ಪದ ಸರ್ವರ್

ಸರ್ವರ್‌ಗೆ ಹಾರ್ಡ್ ಡಿಸ್ಕ್ ಜೋಡಿಸಿ ಚಾಲನೆ ಕೊಟ್ಟ ಮೇಲೂ ಪರದೆಯಲ್ಲಿ ಅದರ ಹೆಸರು ಮೂಡದೆ ಹೋದರೆ ಹೆಚ್ಚಿನವರು ಒಂದೇ ತೀರ್ಮಾನಕ್ಕೆ ಬರುತ್ತಾರೆ: ಡಿಸ್ಕ್ ಕೆಟ್ಟಿದೆ, ಬೇರೆಯದನ್ನು ತರಿಸಬೇಕು. ಈ ತೀರ್ಮಾನ ಎಷ್ಟೋ ಸಲ ತಪ್ಪಾಗಿರುತ್ತದೆ. ‘ಡಿಸ್ಕ್ ಕಾಣುತ್ತಿಲ್ಲ’ ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಅಡಗಿರಬಹುದು. ಡಿಸ್ಕ್ ನಿಜಕ್ಕೂ ಸತ್ತಿರಬಹುದು. ಡಿಸ್ಕ್ ಬದುಕಿದ್ದು, ಅದಕ್ಕೂ ಸರ್ವರ್‌ಗೂ ನಡುವಿನ ದಾರಿ ಎಲ್ಲೋ ಕಡಿದಿರಬಹುದು. ಇಲ್ಲವೇ ದಾರಿಯೂ ಸರಿಯಾಗಿದ್ದು, ಸರ್ವರ್ ಅದನ್ನು ಕಂಡೂ ಒಪ್ಪಿಕೊಳ್ಳಲು ನಿರಾಕರಿಸುತ್ತಿರಬಹುದು. ಮೊದಲನೆಯದು ಸವೆಯುವ ವಸ್ತುವಿನ ಸಹಜ ಧರ್ಮ. ಎರಡನೆಯದು ಕಸುಬುದಾರನ ತಾಳ್ಮೆಗೆ ಬಗ್ಗುವ ತೊಡಕು. ಮೂರನೆಯದು ಮಾರುಕಟ್ಟೆಯ ನಿರ್ಧಾರ. ಯಾರೋ ಎಲ್ಲೋ ಕುಳಿತು ಬರೆದ ನಿಯಮ. ಈ ಮೂರನ್ನೂ ಒಂದೇ ದೋಷಸಂದೇಶದಲ್ಲಿ ಕಲಸಿ ತೋರಿಸುವುದರಿಂದ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬ ಪ್ರಶ್ನೆಯನ್ನು ಐರ್ಲೆಂಡ್‌ನ ಕಾರ್ಕ್‌ನಂಥ ಊರಿನಿಂದ ಕೇಳುವುದು ಉಚಿತವಾಗಿದೆ.

ಕಂಪ್ಯೂಟರ್ ಉದ್ಯಮ ಈ ಊರಿಗೆ ಹೊಸದಲ್ಲ. ಆಪಲ್ 1980ರಲ್ಲಿಯೇ ಕಾರ್ಕ್‌ನ ಹಾಲಿಹಿಲ್‌ನಲ್ಲಿ ಕಾರ್ಖಾನೆ ತೆರೆಯಿತು. ದತ್ತಾಂಶ ಸಂಗ್ರಹದ ಯಂತ್ರಗಳಿಗೆ ಹೆಸರಾಗಿದ್ದ ಇಎಂಸಿ 1988ರಲ್ಲಿ ನಗರದ ಪಶ್ಚಿಮಕ್ಕಿರುವ ಓವೆನ್ಸ್‌ನಲ್ಲಿ ನೆಲೆಯೂರಿತು. 2016ರಲ್ಲಿ ಡೆಲ್ ಅದನ್ನು ಕೊಂಡುಕೊಂಡಿತು. ದ್ವೀಪದ ಇನ್ನೊಂದು ತುದಿಯಲ್ಲಿರುವ ಡೆರಿಯಲ್ಲಿ ಸೀಗೇಟ್ ಕಂಪನಿ 1990ರ ದಶಕದಿಂದ ಹಾರ್ಡ್ ಡಿಸ್ಕಿನ ಓದುವ-ಬರೆಯುವ ಸೂಕ್ಷ್ಮ ತಲೆಗಳನ್ನು ತಯಾರಿಸುತ್ತಿದೆ. ಇವೆಲ್ಲಕ್ಕಿಂತ ಹಳೆಯ ನಂಟೊಂದು ಇದೆ. 1849ರಲ್ಲಿ ಕಾರ್ಕ್‌ನ ಕ್ವೀನ್ಸ್ ಕಾಲೇಜಿಗೆ ಗಣಿತದ ಮೊದಲ ಪ್ರಾಧ್ಯಾಪಕರಾಗಿ ಬಂದ ಜಾರ್ಜ್ ಬೂಲ್, 1854ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಆಲೋಚನೆಯ ನಿಯಮಗಳನ್ನು ಬೀಜಗಣಿತವಾಗಿ ಬರೆದು ತೋರಿಸಿದರು. ಅವರ ಗಣಿತದಲ್ಲಿ 0 ಎಂದರೆ ಏನೂ ಇಲ್ಲ, 1 ಎಂದರೆ ಎಲ್ಲವೂ. ಇಂದಿನ ಸರ್ವರ್‌ಗಳು ನಡೆಯುತ್ತಿರುವುದು ಆ ತರ್ಕದ ತಳಹದಿಯ ಮೇಲೆಯೇ. ಆದರೆ ಡಿಸ್ಕ್ ಕಾಣದಾಗ ಯಂತ್ರ ತೋರಿಸುವ ಸೊನ್ನೆಯಲ್ಲಿ ಬೂಲ್‌ರ ಸೊನ್ನೆಯ ಪ್ರಾಮಾಣಿಕತೆ ಇಲ್ಲ. ‘ಏನೂ ಇಲ್ಲ’ ಎಂದು ಅದು ಹೇಳುವಾಗ ಅಲ್ಲಿ ಏನೋ ಇದ್ದೇ ಇರುತ್ತದೆ.

ಸರ್ವರ್ ಒಂದು ಡಿಸ್ಕನ್ನು ಗುರುತಿಸುವುದು ಸರಪಳಿಯಂಥ ಕೆಲಸ. ವಿದ್ಯುತ್ ಬಂದು ತಟ್ಟೆಗಳು ತಿರುಗಬೇಕು. ಡಿಸ್ಕಿನೊಳಗಿನ ಫರ್ಮ್‌ವೇರ್ ಎಚ್ಚೆತ್ತು ತನ್ನ ಹೆಸರು, ಗಾತ್ರ, ಕ್ರಮಸಂಖ್ಯೆಗಳನ್ನು ಹೇಳಬೇಕು. ಆ ಮಾತು ಬ್ಯಾಕ್‌ಪ್ಲೇನ್ ಎಂಬ ಹಲಗೆಯನ್ನೂ ಕೇಬಲನ್ನೂ ದಾಟಿ ಕಂಟ್ರೋಲರ್ ತಲುಪಬೇಕು. ಕಂಟ್ರೋಲರ್ ಅದನ್ನು ಒಪ್ಪಿ ಮುಂದಕ್ಕೆ ಕಳುಹಿಸಬೇಕು. ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಆ ಕಂಟ್ರೋಲರ್‌ನ ಭಾಷೆ ಬಲ್ಲ ಡ್ರೈವರ್ ತಂತ್ರಾಂಶ ಇರಬೇಕು. ಇಷ್ಟರಲ್ಲಿ ಯಾವ ಕೊಂಡಿ ಕಳಚಿದರೂ ಕೊನೆಯಲ್ಲಿ ಕುಳಿತವರ ಕಣ್ಣಿಗೆ ಬೀಳುವುದು ಖಾಲಿ ಪಟ್ಟಿ ಮಾತ್ರ.

ಆದ್ದರಿಂದಲೇ ಅನುಭವಿಗಳು ಕೊನೆಯಿಂದ ಊಹಿಸುವುದಿಲ್ಲ, ಮೊದಲಿನಿಂದ ಪರೀಕ್ಷಿಸುತ್ತಾರೆ. ಡಿಸ್ಕ್ ತಿರುಗುವ ಸದ್ದಿದೆಯೇ, ದೀಪ ಹೊತ್ತಿದೆಯೇ ಎಂದು ನೋಡುತ್ತಾರೆ. ಅದೇ ಡಿಸ್ಕನ್ನು ಪಕ್ಕದ ಗೂಡಿಗೆ ಬದಲಿಸುತ್ತಾರೆ. ತೊಂದರೆ ಡಿಸ್ಕಿನ ಜೊತೆಗೆ ಹೋದರೆ ದೋಷ ಡಿಸ್ಕಿನದು. ಹಳೆಯ ಗೂಡಿನಲ್ಲಿಯೇ ಉಳಿದರೆ ದೋಷ ಹಲಗೆಯದು ಅಥವಾ ಕೇಬಲಿನದು. ಆಮೇಲೆ ಕಾರ್ಯಾಚರಣೆ ವ್ಯವಸ್ಥೆ ಏಳುವ ಮುನ್ನ ಕಂಟ್ರೋಲರ್‌ನ ಸ್ವಂತ ಪಟ್ಟಿಯನ್ನು ತೆರೆಯುತ್ತಾರೆ. ಅಲ್ಲಿ ಕಂಡ ಡಿಸ್ಕ್ ಮುಂದೆ ಕಾಣದಿದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು: ಡ್ರೈವರ್ ಇಲ್ಲ, ಅಥವಾ ಆ ಡಿಸ್ಕನ್ನು ಇನ್ನೂ ಯಾವ ರೇಡ್ ಗುಂಪಿಗೂ ಸೇರಿಸಿಲ್ಲ. ಅನೇಕ ರೇಡ್ ಕಂಟ್ರೋಲರ್‌ಗಳು ಗುಂಪಿಗೆ ಸೇರದ ಬಿಡಿ ಡಿಸ್ಕನ್ನು ಕಾರ್ಯಾಚರಣೆ ವ್ಯವಸ್ಥೆಗೆ ತೋರಿಸುವುದೇ ಇಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬದಲಿಸಿದ್ದನ್ನು ಬರೆದಿಡುವುದು, ಬರೆದುದನ್ನು ನಂಬುವುದು: ಇಷ್ಟೇ ಇದರ ವಿಧಾನ. ವೈದ್ಯರಿಗೂ ಗಡಿಯಾರ ರಿಪೇರಿಯವರಿಗೂ ಇದು ಪರಿಚಿತ.

ಈ ವಿಧಾನದಿಂದ ಬಯಲಾಗುವ ಕಾರಣಗಳಲ್ಲಿ ಕೆಲವು ಬೆರಗು ಹುಟ್ಟಿಸುತ್ತವೆ. ಸಾಟಾ ಡಿಸ್ಕುಗಳ ವಿದ್ಯುತ್ ಕನೆಕ್ಟರಿನ 3ನೆಯ ಪಿನ್ನು ಹಿಂದೆ 3.3 ವೋಲ್ಟ್ ಪೂರೈಕೆಗೆ ಮೀಸಲಾಗಿತ್ತು. 2016ರ ಪರಿಷ್ಕೃತ ಮಾನದಂಡದಲ್ಲಿ ಅದೇ ಪಿನ್ನಿಗೆ ಬೇರೆ ಅರ್ಥ ಬಂತು: ಅಲ್ಲಿ ವಿದ್ಯುತ್ ಇದ್ದರೆ ಡಿಸ್ಕ್ ಆರಬೇಕು. ದೂರದಿಂದಲೇ ಡಿಸ್ಕನ್ನು ಆರಿಸಿ ಹೊತ್ತಿಸಬೇಕಾದ ದೊಡ್ಡ ಡೇಟಾ ಸೆಂಟರ್‌ಗಳಿಗೆ ಇದು ಅನುಕೂಲ. ಆದರೆ ಹಳೆಯ ಸರ್ವರಿನಲ್ಲಿ ಆ ಪಿನ್ನಿನ ಮೇಲೆ ಸದಾ ವಿದ್ಯುತ್ ಹರಿಯುತ್ತಿರುವುದರಿಂದ ಹೊಸ ಡಿಸ್ಕ್ ಏಳುವುದೇ ಇಲ್ಲ. ಆ ಪಿನ್ನಿನ ಮೇಲೆ ಶಾಖ ತಡೆಯುವ ಟೇಪಿನ ಸಣ್ಣ ಚೂರು ಅಂಟಿಸಿದರೆ ಡಿಸ್ಕ್ ಎದ್ದು ಕುಳಿತುಕೊಳ್ಳುತ್ತದೆ. ಈ ಒಂದು ಸಂಗತಿ ಗೊತ್ತಿಲ್ಲದೆ ‘ಸತ್ತಿದೆ’ ಎಂದು ಹಿಂದಿರುಗಿಸಿದ ಆರೋಗ್ಯವಂತ ಡಿಸ್ಕುಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಇನ್ನೊಂದು ಕಾರಣ ಶುದ್ಧ ಅಂಕಗಣಿತ. 512 ಬೈಟ್‌ಗಳ ತುಣುಕುಗಳನ್ನು 32 ಬಿಟ್‌ಗಳಲ್ಲಿ ಎಣಿಸುವ ಹಳೆಯ ಕಂಟ್ರೋಲರ್‌ಗಳ ಎಣಿಕೆ ಸುಮಾರು 2.2 ಟೆರಾಬೈಟ್‌ಗೆ ಮುಗಿದುಹೋಗುತ್ತದೆ. ಅದಕ್ಕಿಂತ ದೊಡ್ಡ ಡಿಸ್ಕ್ ಹಾಕಿದರೆ ಅದು ಅರ್ಧಂಬರ್ಧ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಡಿಸ್ಕ್ ಸರಿಯಾಗಿದೆ, ಸರ್ವರ್ ಸರಿಯಾಗಿದೆ. ಇಬ್ಬರ ಲೆಕ್ಕದ ಮಗ್ಗಿ ಮಾತ್ರ ಬೇರೆ ಬೇರೆ ಕಾಲದ್ದು.

ಮೂರನೆಯ ಕಾರಣದ ಹೆಸರು ಪರದೇಶದಲ್ಲಿ ನೆಲೆಸಿರುವ ಓದುಗರಿಗೆ ಸಣ್ಣ ನಗೆ ತರಿಸಬಹುದು. ಡೆಲ್ ಸರ್ವರ್‌ಗಳ ಪರ್ಕ್ ಕಂಟ್ರೋಲರ್, ಬೇರೊಂದು ಸರ್ವರಿನ ಗುಂಪಿನಿಂದ ಬಂದ ಡಿಸ್ಕನ್ನು ‘ಫಾರಿನ್’ ಎಂದು ಗುರುತಿಸುತ್ತದೆ. ಅದು ಕೆಟ್ಟ ಡಿಸ್ಕ್ ಎಂದು ಇದರ ಅರ್ಥವಲ್ಲ. ಅದರ ಮೇಲೆ ಇನ್ನೊಂದು ಮನೆಯ ಲೆಕ್ಕ ಬರೆದಿದೆ ಎಂದಷ್ಟೇ ಅರ್ಥ. ಆ ಲೆಕ್ಕವನ್ನು ಆಮದು ಮಾಡಿಕೊಳ್ಳಲೂ ಅವಕಾಶವಿದೆ, ಅಳಿಸಿಹಾಕಲೂ ಅವಕಾಶವಿದೆ. ಎರಡೂ ಗುಂಡಿಗಳು ಅಕ್ಕಪಕ್ಕದಲ್ಲಿರುತ್ತವೆ. ಅವಸರದಲ್ಲಿ ಅಳಿಸುವುದನ್ನು ಆಯ್ದುಕೊಂಡು, ಅದರ ಬೆನ್ನಿಗೆ ಹೊಸ ಗುಂಪು ಕಟ್ಟಿ ಶುಚಿಗೊಳಿಸಿಬಿಟ್ಟರೆ, ಹತ್ತು ವರ್ಷಗಳ ದಾಖಲೆ ಹತ್ತು ನಿಮಿಷದಲ್ಲಿ ಮರೆಯಾಗಬಹುದು. ಡಿಸ್ಕ್ ಕಾಣದಿರುವ ಪ್ರಸಂಗಗಳಲ್ಲಿ ದತ್ತಾಂಶ ನಾಶವಾಗುವುದು ಯಂತ್ರದ ದೋಷದಿಂದಷ್ಟೇ ಅಲ್ಲ, ಹೀಗೆ ರಿಪೇರಿಯ ಆತುರದಿಂದಲೂ.

ಇದುವರೆಗಿನ ಕಾರಣಗಳೆಲ್ಲ ಒಂದರ್ಥದಲ್ಲಿ ಮುಗ್ಧವಾದವು. ಕಾಲ ಬದಲಾಯಿತು, ಮಾನದಂಡ ಬದಲಾಯಿತು, ಒಂದು ಯಂತ್ರದ ನುಡಿ ಇನ್ನೊಂದಕ್ಕೆ ತಿಳಿಯದಾಯಿತು. 2019ರಲ್ಲಿ ಬಿಡುಗಡೆಯಾದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್‌ನ 8ನೆಯ ಆವೃತ್ತಿ ಹಲವು ಹಳೆಯ ಕಂಟ್ರೋಲರ್‌ಗಳಿಗೆ ಕೊಡುತ್ತಿದ್ದ ಬೆಂಬಲವನ್ನು ಕೈಬಿಟ್ಟಾಗ, ಅದುವರೆಗೆ ಸರಿಯಾಗಿ ಓಡುತ್ತಿದ್ದ ಸರ್ವರ್‌ಗಳಲ್ಲಿ ಹೊಸ ಆವೃತ್ತಿಗೆ ಒಂದು ಡಿಸ್ಕೂ ಕಾಣದಾಯಿತು. ಆದರೆ ಆ ತಂತ್ರಾಂಶದ ಮೂಲ ಎಲ್ಲರಿಗೂ ತೆರೆದಿತ್ತು. ಇಎಲ್‌ರಿಪೊ ಎಂಬ ಸ್ವಯಂಸೇವಕರ ಬಳಗ ಕೈಬಿಟ್ಟ ಡ್ರೈವರ್‌ಗಳನ್ನು ಮತ್ತೆ ಕಟ್ಟಿ ಹಂಚಿತು; ಡಿಸ್ಕುಗಳು ಮತ್ತೆ ಕಂಡವು. ಮುಚ್ಚಿದ ಬಾಗಿಲನ್ನು ತೆರೆಯುವ ಕೀಲಿ ಸಮುದಾಯದ ಕೈಯಲ್ಲಿದ್ದರೆ ತೊಂದರೆ ತೊಂದರೆಯಾಗಿಯೇ ಉಳಿಯುತ್ತದೆ, ಶಾಸನವಾಗುವುದಿಲ್ಲ.

ಕೀಲಿ ಕಂಪನಿಯೊಂದರ ಬಳಿ ಮಾತ್ರ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಕಾರ್ಕ್‌ಗೆ ಹತ್ತಿರದ ನಿದರ್ಶನವೇ ಇದೆ. ಡೆಲ್‌ನ ಹನ್ನೊಂದನೆಯ ಪೀಳಿಗೆಯ ಸರ್ವರ್‌ಗಳಲ್ಲಿ ಬಂದ ಎಚ್700 ಮತ್ತು ಎಚ್800 ಕಂಟ್ರೋಲರ್‌ಗಳು, ಡೆಲ್ ತಾನೇ ಪ್ರಮಾಣೀಕರಿಸಿ ಮಾರಿದ ಡಿಸ್ಕುಗಳನ್ನು ಬಿಟ್ಟು ಬೇರೆಯವನ್ನು ತಡೆಹಿಡಿಯುತ್ತಿದ್ದವು. ಅದೇ ತಯಾರಕರ, ಅದೇ ವೇಗದ, ಅದೇ ಗಾತ್ರದ ಡಿಸ್ಕನ್ನು ಅಂಗಡಿಯಿಂದ ತಂದು ಹಾಕಿದರೂ ಕೆಲಸಕ್ಕೆ ಬಾರದು. ಇಲ್ಲಿ ಕೇಬಲ್ ಸಡಿಲವಾಗಿರಲಿಲ್ಲ, ಪಿನ್ನಿನ ಗೊಂದಲ ಇರಲಿಲ್ಲ, ಎಣಿಕೆ ಮುಗಿದಿರಲಿಲ್ಲ. ಗ್ರಾಹಕರು ತೀವ್ರವಾಗಿ ಪ್ರತಿಭಟಿಸಿದ ಮೇಲೆ ಕಂಪನಿ 2010ರಲ್ಲಿ ಮೆತ್ತಗಾಗಿ, ಹೊಸ ಫರ್ಮ್‌ವೇರ್ ಮೂಲಕ ತಡೆಯನ್ನು ತೆಗೆಯಲು ಒಪ್ಪಿತು. ಹದಿನೈದು ವರ್ಷಗಳ ಬಳಿಕ ತೈವಾನಿನ ಸಿನಾಲಜಿ ಇದೇ ದಾರಿಯಲ್ಲಿ ನಡೆಯಿತು. ತನ್ನ 2025ರ ಪ್ಲಸ್ ಸರಣಿಯ ಸಂಗ್ರಹ ಪೆಟ್ಟಿಗೆಗಳಲ್ಲಿ ತಾನು ಒಪ್ಪಿದ ಪಟ್ಟಿಯಲ್ಲಿಲ್ಲದ ಡಿಸ್ಕುಗಳಿಂದ ಹೊಸ ಸಂಗ್ರಹ ಕಟ್ಟಲು ಅವಕಾಶ ಕೊಡಲಿಲ್ಲ. ಅಲ್ಲಿಯೂ ಆಕ್ಷೇಪ ಎದ್ದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಬಂದ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ನಿಯಮ ಸಡಿಲಾಯಿತು. ಎರಡೂ ಸಲ ಒಂದು ತಂತ್ರಾಂಶ ಬದಲಾದೊಡನೆ, ಯಂತ್ರದ ಒಂದು ತಂತಿಯೂ ಅಲುಗಾಡದೆ, ಒಪ್ಪಿಗೆಯಿಲ್ಲದ ಡಿಸ್ಕು ಒಪ್ಪಿತವಾಯಿತು. ಅಂದ ಮೇಲೆ ಅಡ್ಡಿ ಇದ್ದುದು ಲೋಹದಲ್ಲಲ್ಲ.

ಕಂಪನಿಗಳ ವಾದವನ್ನೂ ನ್ಯಾಯವಾಗಿ ಕೇಳಬೇಕು. ಎಲ್ಲ ಡಿಸ್ಕುಗಳೂ ಒಂದೇ ಬಗೆಯವಲ್ಲ ಎಂಬುದು ನಿಜ. ಮನೆಬಳಕೆಯ ಡಿಸ್ಕ್ ಓದಲಾಗದ ತುಣುಕು ಎದುರಾದಾಗ ದೀರ್ಘಕಾಲ ಮತ್ತೆ ಮತ್ತೆ ಪ್ರಯತ್ನಿಸುತ್ತ ಕೂರುತ್ತದೆ. ಕೆಲವೇ ಸೆಕೆಂಡು ಕಾಯುವ ರೇಡ್ ಕಂಟ್ರೋಲರ್ ಅಷ್ಟರಲ್ಲಿ ಅದನ್ನು ಸತ್ತಿತೆಂದು ಹೊರಹಾಕುತ್ತದೆ. ಹೆಂಚಿನಂತೆ ಒಂದರ ಮೇಲೊಂದು ಹಾಳಿಗಳನ್ನು ಬರೆಯುವ ಎಸ್‌ಎಂಆರ್ ತಂತ್ರದ ಡಿಸ್ಕುಗಳು ರೇಡ್ ಗುಂಪನ್ನು ಮರುಕಟ್ಟುವಾಗ ತೀರ ನಿಧಾನವಾಗಿ, ಗುಂಪಿನಿಂದ ಕಳಚಿಕೊಳ್ಳುವುದುಂಟು. ಪರೀಕ್ಷಿಸದ ಡಿಸ್ಕ್ ಹಾಕಿ ದತ್ತಾಂಶ ಹೋದರೆ ಬೈಗುಳ ಸರ್ವರ್ ಕಂಪನಿಗೇ ಬರುತ್ತದೆ. ಹೀಗಾಗಿ ಪ್ರಮಾಣೀಕರಣ ಬೇಕು ಎನ್ನುವ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು.

ಆದರೆ ಈ ವಾದವನ್ನು ದುರ್ಬಲಗೊಳಿಸುವ ಪುರಾವೆಗಳು ಉದ್ಯಮದ ಅಂಗಳದಲ್ಲಿಯೇ ಬಿದ್ದಿವೆ. ಸಂಗ್ರಹ ಪೆಟ್ಟಿಗೆಗಳಿಗೆಂದೇ ಮಾರುತ್ತಿದ್ದ ರೆಡ್ ಸರಣಿಯ ಕೆಲವು ಡಿಸ್ಕುಗಳಲ್ಲಿ ಎಸ್‌ಎಂಆರ್ ತಂತ್ರ ಇದೆಯೆಂದು ವೆಸ್ಟರ್ನ್ ಡಿಜಿಟಲ್ ಒಪ್ಪಿಕೊಂಡದ್ದು 2020ರಲ್ಲಿ, ಅದೂ ಬಳಕೆದಾರರು ಪತ್ತೆಹಚ್ಚಿ ಕೇಳಿದ ಮೇಲೆ. ಹಣೆಪಟ್ಟಿ ಇದ್ದ ಮಾತ್ರಕ್ಕೆ ಮಾಹಿತಿ ಇರುವುದಿಲ್ಲ. ಇನ್ನೂ ಗಂಭೀರವಾದದ್ದು 2019ರ ನವೆಂಬರ್‌ನ ಪ್ರಸಂಗ. ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ತಾನೇ ಪೂರೈಸಿದ ಕೆಲವು ಎಸ್‌ಎಸ್‌ಡಿ ಡಿಸ್ಕುಗಳು 32,768 ಗಂಟೆ ಓಡಿದ ಮೇಲೆ ಸಂಪೂರ್ಣ ಸ್ತಬ್ಧವಾಗುತ್ತವೆ ಎಂದು ಎಚ್ಚರಿಸಿ, ಕೂಡಲೇ ಫರ್ಮ್‌ವೇರ್ ಬದಲಿಸುವಂತೆ ಹೇಳಿತು. 3 ವರ್ಷ 270 ದಿನ 8 ಗಂಟೆ. ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ. ಗಂಟೆ ಎಣಿಸುವ ಲೆಕ್ಕ ತುಂಬಿ ಹರಿದಾಗ ಡಿಸ್ಕ್ ಮೌನವಾಗುತ್ತಿತ್ತು. ಅದರಲ್ಲಿದ್ದ ದತ್ತಾಂಶವೂ ಮರಳಿ ಸಿಗುತ್ತಿರಲಿಲ್ಲ. ಒಂದೇ ದಿನ ಒಂದೇ ಸರ್ವರಿಗೆ ಹಾಕಿದ ಡಿಸ್ಕುಗಳು ಹೆಚ್ಚುಕಡಿಮೆ ಒಂದೇ ಗಳಿಗೆಯಲ್ಲಿ ಹೋಗುವುದರಿಂದ ರೇಡ್‌ನ ರಕ್ಷಣೆಯೂ ನಿಷ್ಪ್ರಯೋಜಕ. ಮರುವರ್ಷ 40,000 ಗಂಟೆಗೆ ಸಾಯುವ ಮತ್ತೊಂದು ಬಗೆಯೂ ಬೆಳಕಿಗೆ ಬಂತು. ಇವು ಯಾವುವೂ ಬೀದಿಬದಿಯ ಡಿಸ್ಕುಗಳಾಗಿರಲಿಲ್ಲ. ಕಂಪನಿಯ ಮುದ್ರೆ ಹೊತ್ತು ಬಂದವು.

ಹಾಗಾದರೆ ಪ್ರಮಾಣೀಕರಣ ಏನನ್ನು ಕೊಡಬಲ್ಲದು? ಸಲಹೆಯನ್ನು ಕೊಡಬಲ್ಲದು, ಆ ಸಲಹೆಗೆ ಬೆಲೆಯೂ ಇದೆ. ‘ಈ ಡಿಸ್ಕನ್ನು ನಾವು ಪರೀಕ್ಷಿಸಿಲ್ಲ, ಹೊಣೆ ನಿಮ್ಮದು’ ಎಂದು ಸರ್ವರ್ ಎಚ್ಚರಿಸಲಿ. ಒಡೆಯ ಓದಿ ತೀರ್ಮಾನಿಸಲಿ. ಎಚ್ಚರಿಕೆಗೂ ನಿಷೇಧಕ್ಕೂ ನಡುವಿನ ಅಂತರವೇ ಇಲ್ಲಿನ ಇಡೀ ವಿವಾದ. ಎಚ್ಚರಿಕೆ ಬಳಕೆದಾರನನ್ನು ತಿಳಿವಳಿಕೆ ಉಳ್ಳವನೆಂದು ಭಾವಿಸುತ್ತದೆ. ನಿಷೇಧ ಅವನನ್ನು ಬಾಡಿಗೆದಾರನಾಗಿಸುತ್ತದೆ: ಯಂತ್ರದ ಬೆಲೆ ಪೂರ್ತಿ ಕೊಟ್ಟವನು, ಅದರೊಳಗೆ ಏನಿಡಬೇಕೆಂದು ಪ್ರತಿಸಲ ಅಪ್ಪಣೆ ಕೇಳಬೇಕಾದವನು.

ಈ ಅಪ್ಪಣೆಯ ಬೆಲೆಯನ್ನು ದೊಡ್ಡ ಬ್ಯಾಂಕುಗಳು ತೆರಬಲ್ಲವು. ತೆರಲಾಗದವರು ಶಾಲೆಗಳು, ಊರಿನ ಗ್ರಂಥಾಲಯಗಳು, ಸಣ್ಣ ಚಿಕಿತ್ಸಾಲಯಗಳು, ಸಂಘಸಂಸ್ಥೆಗಳು. ಸಾರ್ವಜನಿಕ ವ್ಯವಸ್ಥೆ ಎಷ್ಟು ಹಳೆಯ ಯಂತ್ರಗಳ ಮೇಲೆ ನಿಂತಿದೆ ಎಂಬುದು 2021ರ ಮೇ 14ರಂದು ಐರ್ಲೆಂಡ್‌ನ ಆರೋಗ್ಯ ಸೇವೆಯ ಮೇಲೆ ಸೈಬರ್ ದಾಳಿ ನಡೆದಾಗ ಬಯಲಾಯಿತು. ಆ ಕುರಿತ ಸ್ವತಂತ್ರ ವರದಿ, 30 ಸಾವಿರಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಬೆಂಬಲ ಮುಗಿದ ವಿಂಡೋಸ್ 7ರಲ್ಲಿಯೇ ನಡೆಯುತ್ತಿದ್ದವು ಎಂದು ದಾಖಲಿಸಿತು. ಹಳೆಯದನ್ನೆಲ್ಲ ಎಸೆದು ಹೊಸದನ್ನು ಕೊಳ್ಳಿ ಎನ್ನುವುದು ಸುಲಭ. ಬಜೆಟ್ ಹಂಚುವವರಿಗೆ ಗೊತ್ತಿದೆ, ಆ ಹೊಸದಕ್ಕೆ ಕೊಡುವ ಹಣ ಯಾವುದೋ ವಾರ್ಡಿನ ದಾದಿಯ ಸಂಬಳದಿಂದಲೋ ಮಂಚದಿಂದಲೋ ಬರಬೇಕು. ಹಳೆಯ ಯಂತ್ರ ಸುರಕ್ಷಿತವಾಗಿ ಬಾಳಬೇಕಾದರೆ ಅದರ ಬಿಡಿಭಾಗವೂ ಫರ್ಮ್‌ವೇರೂ ನ್ಯಾಯವಾದ ಬೆಲೆಗೆ ಸಿಗುತ್ತಲೇ ಇರಬೇಕು.

ಕಂಪನಿಗಳು ಚಲಿಸುತ್ತವೆ, ಯಂತ್ರಗಳು ನಿಂತಲ್ಲೇ ಉಳಿಯುತ್ತವೆ. ಕಾರ್ಕ್‌ನ ನೆರೆಯ ಲಿಮರಿಕ್‌ನಲ್ಲಿದ್ದ ತಯಾರಿಕೆಯನ್ನು ಡೆಲ್ 2009ರಲ್ಲಿ ಪೋಲೆಂಡಿನ ವುಚ್ ನಗರಕ್ಕೆ ಸಾಗಿಸುವ ನಿರ್ಧಾರ ಪ್ರಕಟಿಸಿದಾಗ ಸುಮಾರು 1,900 ಮಂದಿಯ ಕೆಲಸ ಹೋಯಿತು. ಒಂದು ಊರಿನಲ್ಲಿ ಉಳಿಯಬಲ್ಲ ನಿಜವಾದ ಆಸ್ತಿ ರಿಪೇರಿಯ ತಿಳಿವಳಿಕೆ. ಸರ್ವರ್ ಬಿಚ್ಚಿ ಯಾವ ಕೊಂಡಿ ಕಳಚಿದೆ ಎಂದು ಹೇಳಬಲ್ಲವರು ಇರುವ ಊರು, ಕಾರ್ಖಾನೆ ಹೋದ ಮೇಲೂ ಬದುಕುತ್ತದೆ. ಎಲ್ಲ ಉತ್ತರಗಳೂ ಕಂಪನಿಯ ಗುಪ್ತ ಪಟ್ಟಿಯಲ್ಲಿದ್ದರೆ ಅಂಥವರ ಕಸುಬಿಗೆ ಅರ್ಥವೇ ಇರುವುದಿಲ್ಲ.

ಪರಿಸರದ ಲೆಕ್ಕವೂ ಇದೆ. ಐರ್ಲೆಂಡ್‌ನ ಕೇಂದ್ರ ಅಂಕಿಅಂಶ ಕಚೇರಿಯ ಪ್ರಕಾರ 2023ರಲ್ಲಿ ದೇಶದ ಮಾಪಿತ ವಿದ್ಯುತ್ತಿನಲ್ಲಿ ಶೇ. 21ರಷ್ಟನ್ನು ಡೇಟಾ ಸೆಂಟರ್‌ಗಳೇ ಬಳಸಿದವು. ನಗರ ಪ್ರದೇಶದ ಮನೆಗಳೆಲ್ಲ ಸೇರಿ ಬಳಸಿದ್ದು ಶೇ. 18. ಇಷ್ಟು ವಿದ್ಯುತ್ ಕುಡಿಯುವ ಯಂತ್ರಗಳು ಕೆಲವೇ ವರ್ಷಗಳಲ್ಲಿ ನಿವೃತ್ತಿ ಹೊಂದುತ್ತವೆ. ಅವುಗಳ ಡಿಸ್ಕುಗಳಲ್ಲಿ ಬಹಳಷ್ಟು ಇನ್ನೂ ದುಡಿಯಬಲ್ಲವು. ಅವನ್ನು ಶಾಲೆಯ ಸರ್ವರ್ ಒಪ್ಪಿಕೊಂಡರೆ ಅದು ಮರುಬಳಕೆ. ‘ಪಟ್ಟಿಯಲ್ಲಿಲ್ಲ’ ಎಂದು ತಿರಸ್ಕರಿಸಿದರೆ ಅದೇ ಡಿಸ್ಕ್ ಇ-ತ್ಯಾಜ್ಯ.

ಕಾನೂನು ಇದನ್ನು ಗಮನಿಸಿಲ್ಲ ಎನ್ನಲಾಗದು. ಕಾರ್ಕ್‌ಗೂ ಅನ್ವಯಿಸುವ ಯೂರೋಪಿಯನ್ ಒಕ್ಕೂಟದ 2019/424 ನಿಯಮ 2020ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಡಿಸ್ಕ್, ಮೆಮೊರಿ, ಪ್ರೊಸೆಸರ್‌ಗಳನ್ನು ರಿಪೇರಿಗಾಗಿ ಬಿಚ್ಚಲಾಗದಂತೆ ಅಂಟಿಸಿ ಬೆಸೆಯಬಾರದು, ಮರುಬಳಕೆಗೆ ಅನುವಾಗುವಂತೆ ದತ್ತಾಂಶವನ್ನು ಸುರಕ್ಷಿತವಾಗಿ ಅಳಿಸುವ ಸೌಲಭ್ಯ ಕೊಡಬೇಕು, ಫರ್ಮ್‌ವೇರ್ ಕನಿಷ್ಠ 8 ವರ್ಷ ಸಿಗುವಂತಿರಬೇಕು ಎನ್ನುತ್ತದೆ ಅದು. ಒಳ್ಳೆಯ ನಿಯಮವೇ. ಆದರೆ ಸಣ್ಣ ಸಂಗ್ರಹ ಪೆಟ್ಟಿಗೆಗಳನ್ನೂ ಸಣ್ಣ ಸರ್ವರ್‌ಗಳನ್ನೂ ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. 2024ರಲ್ಲಿ ಬಂದ ರಿಪೇರಿ ಹಕ್ಕಿನ ನಿರ್ದೇಶನ 2024/1799 ಇನ್ನೂ ಒಂದು ಹೆಜ್ಜೆ ಮುಂದಿದೆ: ರಿಪೇರಿಗೆ ಅಡ್ಡಿಯಾಗುವ ಕರಾರು, ಯಂತ್ರಾಂಶ, ತಂತ್ರಾಂಶದ ಉಪಾಯಗಳನ್ನು ಸಕಾರಣವಿಲ್ಲದೆ ಬಳಸಬಾರದು, ಹೊಂದುವ ಬಿಡಿಭಾಗಗಳನ್ನೂ ಹಳೆಯ ಬಿಡಿಭಾಗಗಳನ್ನೂ ಸ್ವತಂತ್ರ ರಿಪೇರಿಗಾರರು ಬಳಸುವುದನ್ನು ತಡೆಯಬಾರದು. ಅದರ ಪಟ್ಟಿಯಲ್ಲಿ ಸರ್ವರ್‌ಗಳೂ ಇವೆ. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಾಗಿಸಿಕೊಳ್ಳಲು ಇಟ್ಟ ಗಡುವು 2026ರ ಜುಲೈ 31.

ತೊಡಕಿರುವುದು ‘ಬಳಕೆದಾರ’ ಎಂಬ ಪದದಲ್ಲಿ. ಈ ನಿರ್ದೇಶನ ಕಾಪಾಡುವುದು ಸ್ವಂತಕ್ಕೆ ವಸ್ತು ಕೊಳ್ಳುವ ವ್ಯಕ್ತಿಯನ್ನು. ಸರ್ವರ್ ಕೊಳ್ಳುವವರು ಸಾಮಾನ್ಯವಾಗಿ ಸಂಸ್ಥೆಗಳು. ಶಾಲೆ, ಗ್ರಂಥಾಲಯ, ಚಿಕಿತ್ಸಾಲಯಗಳು ಈ ಅರ್ಥದಲ್ಲಿ ಬಳಕೆದಾರರಲ್ಲ. ಮನೆಯಲ್ಲಿ ಪುಟ್ಟ ಪೆಟ್ಟಿಗೆ ಇಟ್ಟುಕೊಂಡವರು ಬಳಕೆದಾರರು, ಆದರೆ ಆ ಪೆಟ್ಟಿಗೆ 2019ರ ನಿಯಮದ ಹೊರಗೆ. ಒಂದು ಕಾನೂನಿಗೆ ಯಂತ್ರ ಕಂಡರೆ ಮನುಷ್ಯ ಕಾಣುವುದಿಲ್ಲ, ಇನ್ನೊಂದಕ್ಕೆ ಮನುಷ್ಯ ಕಂಡರೆ ಯಂತ್ರ ಕಾಣುವುದಿಲ್ಲ. ಐರ್ಲೆಂಡ್ ತನ್ನ ಕಾನೂನು ಬರೆಯುವಾಗ ಈ ಬಿರುಕನ್ನು ಮುಚ್ಚುವುದು, ಕನಿಷ್ಠಪಕ್ಷ ಸಾರ್ವಜನಿಕ ಸಂಸ್ಥೆಗಳಿಗೂ ಲಾಭವಿಲ್ಲದ ಸಂಘಗಳಿಗೂ ಅದೇ ರಕ್ಷಣೆ ಕೊಡುವುದು ಅಗತ್ಯ. ಸಾರ್ವಜನಿಕ ಹಣದಿಂದ ಸರ್ವರ್ ಕೊಳ್ಳುವ ಟೆಂಡರುಗಳಲ್ಲಿ ‘ಬೇರೆ ತಯಾರಕರ ಡಿಸ್ಕನ್ನು ತಡೆಯಬಾರದು’ ಎಂಬ ಒಂದು ಸಾಲು ಸೇರಿಸಲು ಹೊಸ ಕಾನೂನಿಗಾಗಿ ಕಾಯಬೇಕಾಗಿಯೂ ಇಲ್ಲ.

ಕರ್ನಾಟಕದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾದದ್ದು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿ ಹಳೆಯ ಕಂಪ್ಯೂಟರ್‌ಗಳಿಗೆ ಮರುಜನ್ಮ ಕೊಡುವ ಎಷ್ಟೋ ಕುಶಲಿಗಳ ಕೈಯಲ್ಲಿ ಯಾವ ಕಂಪನಿಯ ಪ್ರಮಾಣಪತ್ರವೂ ಇಲ್ಲ. ಸಣ್ಣ ಊರಿನ ಕಾಲೇಜಿನ ಪ್ರಯೋಗಾಲಯ, ಪತ್ರಿಕಾ ಕಚೇರಿ, ಸಹಕಾರ ಸಂಘಗಳು ನಡೆಯುವುದು ಅಂಥವರ ಕಾಯಕದಿಂದ. ಭಾರತ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಜಾಲತಾಣವನ್ನು ತೆರೆಯಿತು. ಮೊಬೈಲ್, ಕೃಷಿ ಯಂತ್ರ, ವಾಹನ, ಗೃಹಬಳಕೆಯ ವಸ್ತುಗಳ ಕೈಪಿಡಿ, ಬಿಡಿಭಾಗಗಳ ಮಾಹಿತಿ ಒಂದೆಡೆ ಸಿಗಲೆಂಬುದು ಅದರ ಆಶಯ. ಮಾಹಿತಿ ಸಿಗುವುದು ಮೊದಲ ಹೆಜ್ಜೆ. ತಂತ್ರಾಂಶದ ಬೀಗವನ್ನು ಪ್ರಶ್ನಿಸುವ ಹಕ್ಕು ಅದರ ನಂತರ ಬರಬೇಕಾದದ್ದು.

ಇದ್ದೂ ಕಾಣದಿರುವ ಸಂಕಟ ಕನ್ನಡಿಗರಿಗೆ ಇನ್ನೊಂದು ರೂಪದಲ್ಲಿ ಚೆನ್ನಾಗಿ ಗೊತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ ಜಾಗವಿತ್ತು. ಆದರೂ ವರ್ಷಗಟ್ಟಲೆ ಕಡತ, ಪುಸ್ತಕ, ಪತ್ರಿಕೆಗಳು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟ್ ಸಂಕೇತಗಳಲ್ಲಿಯೇ ಸಿದ್ಧವಾದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಬರಹ ಅಳಿದಿರಲಿಲ್ಲ, ಓದುವ ಯಂತ್ರಕ್ಕೆ ಅದರ ಗುರುತು ಸಿಗುತ್ತಿರಲಿಲ್ಲ. ಸಂಕೇತಗಳ ಕೋಷ್ಟಕವನ್ನು ಅರಿತವರು ಪರಿವರ್ತಕ ತಂತ್ರಾಂಶಗಳನ್ನು ಬರೆದು ಹಂಚಿದ್ದರಿಂದ ಅವು ಮತ್ತೆ ಕನ್ನಡವಾದವು. ಕೋಷ್ಟಕ ಗುಟ್ಟಾಗಿಯೇ ಉಳಿದಿದ್ದರೆ ಒಂದು ತಲೆಮಾರಿನ ಬರವಣಿಗೆ ಡಿಸ್ಕುಗಳಲ್ಲಿದ್ದೂ ಇಲ್ಲದಂತಾಗುತ್ತಿತ್ತು.

ಹೊರನಾಡಿನ ಕನ್ನಡ ಕುಟುಂಬಗಳೂ ಸಂಘಗಳೂ ಈ ಮಾತನ್ನು ತಮ್ಮ ಮನೆಬಾಗಿಲಿಗೆ ತಂದುಕೊಂಡು ಯೋಚಿಸಬೇಕು. ರಾಜ್ಯೋತ್ಸವದ ವಿಡಿಯೊ, ಮಕ್ಕಳ ಕನ್ನಡ ತರಗತಿಯ ಪಾಠ, ಊರಿನ ಅಜ್ಜಿಯ ಧ್ವನಿಮುದ್ರಣ, ತೀರಿಹೋದವರ ಕೈಬರಹದ ಚಿತ್ರಗಳು ಇಂದು ಉಳಿದಿರುವುದು ಯಾರದೋ ಮನೆಯ ಅಟ್ಟದಲ್ಲಿ ಗುನುಗುವ ಪೆಟ್ಟಿಗೆಯಲ್ಲಿ. ಅದರಲ್ಲಿ ಒಂದು ಡಿಸ್ಕ್ ಕಾಣದಾದ ದಿನ ಮೂರು ಸಂಗತಿಗಳು ನೆನಪಿರಬೇಕು. ಪ್ರತಿಯೊಂದು ಬೇರೆ ಕಡೆ ಇಲ್ಲದಿದ್ದರೆ ಯಾವ ಗುಂಡಿಯನ್ನೂ ಒತ್ತುವ ಮುನ್ನ ಡಿಸ್ಕುಗಳ ಕ್ರಮವನ್ನು ಬರೆದುಕೊಳ್ಳಬೇಕು. ‘ಅಳಿಸು’, ‘ಶುಚಿಗೊಳಿಸು’ ಎಂಬ ಆಯ್ಕೆಗಳನ್ನು ಎಲ್ಲಕ್ಕಿಂತ ಕೊನೆಗೆ ಇಡಬೇಕು. ರೇಡ್ ಎಂಬುದು ಡಿಸ್ಕ್ ಸತ್ತಾಗ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಏರ್ಪಾಡೇ ಹೊರತು, ಇನ್ನೊಂದು ಪ್ರತಿಯ ಜಾಗವನ್ನು ಅದು ತುಂಬಲಾರದು. ಹೊಸ ಪೆಟ್ಟಿಗೆ ಕೊಳ್ಳುವಾಗ ಗಾತ್ರ, ಬೆಲೆಗಳ ಜೊತೆಗೆ ‘ಇದು ಯಾವ ಡಿಸ್ಕನ್ನು ನಿರಾಕರಿಸುತ್ತದೆ’ ಎಂದೂ ಕೇಳಬೇಕು. ಆ ಪ್ರಶ್ನೆ ಕೇಳುವ ಗ್ರಾಹಕರಿದ್ದುದರಿಂದಲೇ 2010ರಲ್ಲೂ 2025ರಲ್ಲೂ ದೊಡ್ಡ ಕಂಪನಿಗಳು ಹಿಂದೆ ಸರಿದವು.

ತಯಾರಕರಿಂದ ಕೇಳಬೇಕಾದದ್ದು ದೊಡ್ಡದೇನಲ್ಲ. ಡಿಸ್ಕ್ ಸತ್ತಿದ್ದರೆ ಸತ್ತಿದೆ ಎನ್ನಲಿ. ದಾರಿ ಕಡಿದಿದ್ದರೆ ಎಲ್ಲಿ ಎಂದು ತೋರಿಸಲಿ. ತಾನು ಒಪ್ಪುತ್ತಿಲ್ಲವಾದರೆ ‘ನಾನು ಒಪ್ಪುತ್ತಿಲ್ಲ’ ಎಂದು ಸ್ಪಷ್ಟವಾಗಿ ಬರೆದು, ಕಾರಣವನ್ನೂ ಕೊಟ್ಟು, ಕೊನೆಯ ಮಾತನ್ನು ಯಂತ್ರದ ಒಡೆಯರಿಗೆ ಬಿಡಲಿ. ಯಂತ್ರ ಇಷ್ಟು ನಿಜ ಹೇಳಿದರೆ ಉಳಿದ ರಿಪೇರಿಯನ್ನು ಮನುಷ್ಯರು ಮಾಡಿಕೊಳ್ಳುತ್ತಾರೆ.